ಮಲೆನಾಡಿನಲ್ಲಿ ಕೂತು ಕಡಲು ಬಿಡಿಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಡಲು, ಹೊಳೆ, ಕಾಡುಗಳನ್ನು ನೆಚ್ಚಿ ಅಮೂರ್ತ ಚಿತ್ರ ಮಾಡುವವರು, ಅದರಲ್ಲೂ ಮರಳು, ಮಣ್ಣು, ಕಾಗದ, ನಾರುಗಳನ್ನು ಬಣ್ಣದ ಜೊತೆ ಸೇರಿಸುವ ಮಿಶ್ರ ಮಾಧ್ಯಮದವರು ಪ್ರಶ್ನೆ ಕಳಿಸಿ ಎಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದೆವು. ಪತ್ರಗಳನ್ನು ಒಟ್ಟಿಗೆ ಓದಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ: ಹೆಚ್ಚಿನ ತೊಂದರೆಗಳಿಗೆ ಕಾರಣ ಕೈಯಲ್ಲ, ತೇವ. ಒಣ ಊರಿನವರ ವಿಡಿಯೊ ನೋಡಿ ಕಲಿತ ಕ್ರಮ ತೀರ್ಥಹಳ್ಳಿಯ ಜುಲೈ ತಿಂಗಳಿಗೆ ಒಗ್ಗುವುದಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಹೊನ್ನಾವರ, ಮರವಂತೆ ಕಡಲು ನೋಡಿ ಬಂದು ಬಿಡಿಸುತ್ತೇನೆ. ಏನೇ ಮಾಡಿದರೂ ಕೊನೆಗೆ ಕ್ಯಾಲೆಂಡರ್ ಚಿತ್ರವೇ ಆಗುತ್ತದೆ: ಮೇಲೆ ಆಕಾಶ, ಕೆಳಗೆ ನೀರು, ನಡುವೆ ಗೆರೆ. ಅಮೂರ್ತಕ್ಕೆ ದಾಟುವುದು ಹೇಗೆ?
ಓದುಗರು, ಸಾಗರ

ಆ ಗೆರೆಯನ್ನೇ ಮೊದಲು ತೆಗೆಯಿರಿ. ದಿಗಂತ ನಡುವೆ ಬಂದ ಕೂಡಲೇ ಕಣ್ಣು ಅದನ್ನು ದೃಶ್ಯವೆಂದು ಓದಿ ಮುಗಿಸುತ್ತದೆ. ಆಮೇಲೆ ಎಷ್ಟು ಬಣ್ಣ ಎರಚಿದರೂ ಅದು ಸಮುದ್ರದ ಚಿತ್ರದ ಮೇಲೆ ಎರಚಿದ ಬಣ್ಣವಾಗಿಯೇ ಉಳಿಯುತ್ತದೆ. ದಡದಲ್ಲಿ ನಿಂತಾಗ ದೂರ ನೋಡಬೇಡಿ, ಕಾಲಬುಡ ನೋಡಿ. ಮೇಲೇರಿ ಬಂದ ನೀರು ಎಲ್ಲಿ ನಿಂತಿತೋ ಆ ಅಂಚನ್ನು ಮಾತ್ರ ಪೆನ್ಸಿಲ್ ಎತ್ತದೆ ಎಳೆಯಿರಿ. ಮುಂದಿನ ಅಲೆ ಬಂದಾಗ ಅದರ ಅಂಚನ್ನು ಮೊದಲಿನದರ ಮೇಲೆಯೇ ಎಳೆಯಿರಿ. ಹತ್ತು ನಿಮಿಷದಲ್ಲಿ ಒಂದು ಹಾಳೆ ತುಂಬುತ್ತದೆ. ಅದರಲ್ಲಿ ಸಮುದ್ರ ಕಾಣುವುದಿಲ್ಲ, ಸಮುದ್ರದ ನಡೆ ಕಾಣುತ್ತದೆ. ನಿಮಗೆ ಬೇಕಾದದ್ದು ಅದು.

ಕಡಲು ಮಾಡುವ ಕೆಲಸಗಳನ್ನೇ ಬಣ್ಣದಲ್ಲಿ ಮಾಡುವುದು ಈ ದಾರಿಯ ತಿರುಳು. ಕಡಲು ತಂದು ಹಾಕುತ್ತದೆ, ಎಳೆದೊಯ್ಯುತ್ತದೆ, ನುಣುಪು ಮಾಡುತ್ತದೆ, ಅಳಿಸುತ್ತದೆ. ಹನ್ನೆರಡು ಇಂಚಿಗೆ ಹದಿನಾರು ಇಂಚಿನ ಪ್ಲೈವುಡ್ ಹಲಗೆಯೊಂದನ್ನು ತೆಗೆದುಕೊಂಡು ಹೀಗೆ ಮಾಡಿ ನೋಡಿ. ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಪದರವಾದ ಜೆಸ್ಸೊವನ್ನು ಎರಡು ಕೈ ಬಳಿದು ಒಣಗಿಸಿ. ಅದರ ಮೇಲೆ ಉಬ್ಬು ಮೂಡಿಸುವ ಗಟ್ಟಿ ಮಾಡೆಲಿಂಗ್ ಪೇಸ್ಟನ್ನು 2 ಮಿ.ಮೀ. ದಪ್ಪಕ್ಕೆ ಹರಡಿ, ಹರಿದ ರಟ್ಟಿನ ಅಂಚಿನಿಂದ ಒಂದೇ ದಿಕ್ಕಿಗೆ ಎಳೆಯಿರಿ. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಮೂರು ದಿನ ಬಿಡಿ. ಆಮೇಲೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ಕಪ್ಪಗಿನ ತೆಳು ಬಣ್ಣ ಮಾಡಿ ಸುರಿಯಿರಿ, ಹಲಗೆಯನ್ನು ಓರೆ ಮಾಡಿ ಹರಿಸಿ. ಎರಡು ನಿಮಿಷ ಬಿಟ್ಟು ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನಷ್ಟೇ ಒರೆಸಿದರೆ ಉಬ್ಬುಗಳು ತಿಳಿಯಾಗಿ, ತಗ್ಗುಗಳಲ್ಲಿ ಬಣ್ಣ ಉಳಿಯುತ್ತದೆ.

ನೊರೆಯ ಬಲೆ ಮಾಡಲು ಕುಂಚದಿಂದ ಚುಕ್ಕೆ ಇಡುತ್ತಾ ಕೂರಬೇಡಿ. ಒಣಗಿದ ಆ ಕಪ್ಪಿನ ಮೇಲೆ ಟೈಟೇನಿಯಂ ಬಿಳಿಗೆ ಕಡಲೆಕಾಳಿನಷ್ಟು ಯೆಲ್ಲೊ ಓಕರ್ ಸೇರಿಸಿ, ಹಳೆಯ ಎಟಿಎಂ ಕಾರ್ಡಿನಿಂದ ತೆಳುವಾಗಿ ಎಳೆಯಿರಿ. ಕೂಡಲೇ ಸ್ಪ್ರೇ ಬಾಟಲಿಯಿಂದ ದೂರದಿಂದ ನೀರು ಸಿಂಪಡಿಸಿ. ಅಕ್ರಿಲಿಕ್ ಅಂಚಿನಿಂದ ಒಳಕ್ಕೆ ಒಣಗುತ್ತದೆ. ಅಂಚು ಹಿಡಿದು ನಡುವೆ ಇನ್ನೂ ಹಸಿ ಇರುವಾಗ ನಲ್ಲಿಯ ಕೆಳಗೆ ಹಿಡಿದರೆ ಹಸಿ ಭಾಗ ತೊಳೆದುಹೋಗಿ, ಬಿಳಿಯ ಉಂಗುರಗಳ ಬಲೆ ಉಳಿಯುತ್ತದೆ. ಬೇಸಿಗೆಯಲ್ಲಿ ಐದಾರು ನಿಮಿಷ ಸಾಕು, ಜಡಿಮಳೆಯ ದಿನ ಇಪ್ಪತ್ತು ನಿಮಿಷವೂ ಬೇಕಾದೀತು. ಬೇಗ ತೊಳೆದರೆ ಎಲ್ಲ ಹೋಗುತ್ತದೆ, ತಡ ಮಾಡಿದರೆ ಏನೂ ಹೋಗುವುದಿಲ್ಲ. ಮೊದಲು ಒಂದು ಬೇಡದ ಹಲಗೆಯ ಮೇಲೆ ಆ ದಿನದ ಹವೆಗೆ ಎಷ್ಟು ಹೊತ್ತು ಬೇಕೆಂದು ನೋಡಿಕೊಳ್ಳಿ.

ಅಲೆಯ ಸಾಲುಗಳನ್ನು ಸಮ ಅಂತರದಲ್ಲಿ ಇಡುವುದು ಸಾಮಾನ್ಯ ತಪ್ಪು. ಹಾಗೆ ಇಟ್ಟರೆ ದನದ ಕೊಟ್ಟಿಗೆಯ ತಗಡಿನ ಶೀಟಿನಂತೆ ಕಾಣುತ್ತದೆ. ನೀರು ಆಳ ಕಳೆದುಕೊಂಡಂತೆ ಅಲೆಯ ವೇಗ ತಗ್ಗಿ, ಸಾಲುಗಳು ಒಂದಕ್ಕೊಂದು ಹತ್ತಿರವಾಗುತ್ತವೆ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಮುರಿಯುತ್ತದೆ. ಅಂದರೆ ನೊರೆಯ ಸಾಲು ಎಲ್ಲಿ ಬಿದ್ದಿದೆ ಎಂಬುದು ಕೆಳಗಿನ ಮರಳದಿಬ್ಬದ ನಕ್ಷೆ. ಅಂತರಗಳು ಬಿಗಿಯಾಗುತ್ತಾ ಹೋಗಿ ಒಂದು ಕಡೆ ಒಡೆಯಲಿ. ಅಷ್ಟು ಮಾಡಿದರೆ ನೀಲಿ ಬಣ್ಣವೇ ಇಲ್ಲದಿದ್ದರೂ ಚಿತ್ರ ಕಡಲನ್ನು ನೆನಪಿಸುತ್ತದೆ.

ಇನ್ನೊಂದು ಮಾತು. ಸಾಗರದಲ್ಲಿದ್ದುಕೊಂಡು ಕಡಲಿಗಾಗಿ ಘಟ್ಟ ಇಳಿಯುವ ತನಕ ಕಾಯಬೇಕಿಲ್ಲ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರು ಇಳಿದಾಗ ಹೊನ್ನೆಮರಡು, ಸಿಗಂದೂರು ಕಡೆಯ ದಡಗಳಲ್ಲಿ ಕೆಂಪು ಮಣ್ಣಿನ ಪಟ್ಟಿಗಳು ಒಂದರ ಕೆಳಗೊಂದು ತೆರೆದುಕೊಳ್ಳುತ್ತವೆ. ಇಳಿದ ನೀರು ಬರೆದ ಗೆರೆಗಳು ಅವು. ಶರಾವತಿ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಮಳೆಗಾಲದಲ್ಲಿ ಅಳಿವೆಯ ಬಳಿ ನಿಂತರೆ ನದಿಯ ಕಂದು ನೀರು ಮತ್ತು ಕಡಲ ನೀರು ಬೆರೆಯುವ ಅಂಚು ಕಾಣುತ್ತದೆ. ಒಂದೇ ಚಿತ್ರದಲ್ಲಿ ಹಿನ್ನೀರಿನ ಪಟ್ಟಿ, ಜೋಗದ ಬಂಡೆಯ ಮೇಲಿನ ಒದ್ದೆ ಗೀರು, ಅಳಿವೆಯ ಅಂಚು ಮೂರನ್ನೂ ಕೂರಿಸಲು ಅಮೂರ್ತದಲ್ಲಿ ಅಡ್ಡಿಯಿಲ್ಲ. ವಾಸ್ತವ ಚಿತ್ರದಲ್ಲಿ ಅದು ಆಗದ ಕೆಲಸ.

ನೋಡಬೇಕಾದ ಕಲಾವಿದರಲ್ಲಿ ಸ್ಕಾಟ್ಲೆಂಡಿನ ಜೋನ್ ಈರ್ಡ್ಲಿ ಮೊದಲಿಗರು. ಕ್ಯಾಟರ್‌ಲೈನ್ ಎಂಬ ಮೀನುಗಾರರ ಹಳ್ಳಿಯಲ್ಲಿ ಬಿರುಗಾಳಿಯಲ್ಲೇ ನಿಂತು ಬಿಡಿಸುತ್ತಿದ್ದವರು. ಬಣ್ಣದೊಳಗೆ ಹುಲ್ಲು, ಬೀಜಗಳನ್ನೂ ಸೇರಿಸಿದ್ದಾರೆ. ನಮ್ಮಲ್ಲಿ ವಿ.ಎಸ್. ಗಾಯತೊಂಡೆಯವರ ಕ್ಯಾನ್ವಾಸುಗಳನ್ನು ನೋಡಿ. ರೋಲರ್ ಮತ್ತು ಪ್ಯಾಲೆಟ್ ನೈಫಿನಿಂದ ಪದರ ಹಾಕಿ ತೆಗೆಯುವುದನ್ನು ಅಲ್ಲಿ ಕಲಿಯಬಹುದು. ಅವರು ಕಡಲು ಬಿಡಿಸುತ್ತೇನೆಂದು ಹೇಳಿಕೊಂಡವರಲ್ಲ, ಆದರೂ ನೀರಿನ ಆಳದ ಬೆಳಕಿಗೆ ಅವರಷ್ಟು ಹತ್ತಿರ ಹೋದವರು ಕಡಿಮೆ.

ಮಲ್ಪೆಯಿಂದ ತಂದ ಮರಳನ್ನು ಗೋಂದಿನ ಮೇಲೆ ಉದುರಿಸಿ ಚಿತ್ರ ಮಾಡಿದ್ದೆ. ಮರಳು ಉದುರುತ್ತಲೇ ಇದೆ. ಮಳೆಗಾಲದಲ್ಲಿ ಅಲ್ಲಲ್ಲಿ ಬೆವರಿದ ಹಾಗೆ ಒದ್ದೆಯಾಗಿ, ಈಗ ಬಣ್ಣ ಪುಡಿಪುಡಿಯಾಗಿ ಏಳುತ್ತಿದೆ.
ಓದುಗರು, ಹೊಸನಗರ

ಎರಡು ಬೇರೆ ತೊಂದರೆಗಳಿವೆ. ಬೆವರುತ್ತಿರುವುದು ಉಪ್ಪು. ಗಾಳಿಯ ತೇವಾಂಶ ಶೇ. 75 ದಾಟಿದರೆ ಅಡುಗೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಲವಣಗಳೂ ಇರುವುದರಿಂದ ಅದಕ್ಕೂ ಮೊದಲೇ ಕರಗತೊಡಗುತ್ತದೆ. ಹೊಸನಗರದ ಮಳೆಗಾಲದಲ್ಲಿ ಗಾಳಿ ಆ ಮಟ್ಟಕ್ಕಿಂತ ಕೆಳಗಿಳಿಯುವ ದಿನಗಳೇ ಅಪರೂಪ. ಚಳಿಗಾಲದಲ್ಲಿ ಅದೇ ಉಪ್ಪು ಮತ್ತೆ ಹರಳುಗಟ್ಟಿ, ಬೆಳೆಯುತ್ತಾ ಮೇಲಿನ ಬಣ್ಣದ ಪೊರೆಯನ್ನು ಎತ್ತುತ್ತದೆ. ಪ್ರತಿ ವರ್ಷ ಒಂದು ಸುತ್ತು.

ಮರಳನ್ನು ಬಕೆಟಿನಲ್ಲಿ ಬಾವಿನೀರು ತುಂಬಿ ಕಲಕಿ, ಬಸಿದು, ಐದಾರು ಸಲ ತೊಳೆಯಿರಿ. ಕೊನೆಯ ನೀರಿನ ಒಂದು ಹನಿಯನ್ನು ಗಾಜಿನ ಮೇಲೆ ಇಡಿ, ಪಕ್ಕದಲ್ಲಿ ಬರೀ ಬಾವಿನೀರಿನ ಒಂದು ಹನಿ ಇಡಿ. ಎರಡೂ ಒಣಗಿದ ಮೇಲೆ ಕಲೆ ಒಂದೇ ಥರ ಇದ್ದರೆ ಉಪ್ಪು ಹೋಗಿದೆ. ಮರಳಿನ ಹನಿಯಲ್ಲಿ ಬಿಳಿ ಉಂಗುರ ಹೆಚ್ಚಿದ್ದರೆ ಇನ್ನೂ ತೊಳೆಯಬೇಕು. ಆಮೇಲೆ ಹಳೆಯ ಬಾಣಲೆಯಲ್ಲಿ ಕಾಲು ಗಂಟೆ ಹುರಿದು ಆರಿಸಿ ಡಬ್ಬಿಗೆ ತುಂಬಿ. ಹೊಳೆಮರಳಾದರೆ ಉಪ್ಪಿನ ಗೊಡವೆಯಿಲ್ಲ, ಮಣ್ಣು ಹೋಗುವಷ್ಟು ತೊಳೆದರೆ ಸಾಕು.

ಉದುರುವುದಕ್ಕೆ ಕಾರಣ ಮರಳನ್ನು ಮೇಲಿನಿಂದ ಉದುರಿಸಿದ್ದು. ಕೆಳಗಿನ ಒಂದು ಪದರದ ಕಣಗಳಿಗೆ ಮಾತ್ರ ಗೋಂದು ತಾಗುತ್ತದೆ, ಉಳಿದವು ಒಂದರ ಮೇಲೊಂದು ಸುಮ್ಮನೆ ಕೂತಿರುತ್ತವೆ. ಅಳತೆ ಬಟ್ಟಲಿನಲ್ಲಿ ಒಂದು ಪಾಲು ಒಣ ಮರಳಿಗೆ ಎರಡು ಪಾಲು ಅಕ್ರಿಲಿಕ್ ಜೆಲ್ ಮೀಡಿಯಂ (ಬಣ್ಣ ಬೆರೆಸದ ದಪ್ಪ ಅಕ್ರಿಲಿಕ್ ಅಂಟು) ಕಲಸಿ, ಕರಣೆಯಿಂದ ಹಚ್ಚಿ. ಬಿಡಿ ಕಣಗಳ ಒರಟು ನೋಟವೇ ಬೇಕಿದ್ದರೆ ಹಸಿ ಜೆಲ್ ಮೇಲೆ ಉದುರಿಸಿ, ಪೂರ್ತಿ ಒಣಗಿದ ಮೇಲೆ ಬೋರ್ಡನ್ನು ತಲೆಕೆಳಗು ಮಾಡಿ ತಟ್ಟಿ ಸಡಿಲ ಮರಳು ಬೀಳಿಸಿ. ನಂತರ ಒಂದು ಪಾಲು ಮೀಡಿಯಂಗೆ ಒಂದು ಪಾಲು ನೀರು ಬೆರೆಸಿ ಡ್ರಾಪರಿನಿಂದ ಹನಿಸಿ ಕುಡಿಸಿ. ಕುಂಚದಿಂದ ಎಳೆದರೆ ಕಣಗಳು ಕಿತ್ತುಬರುತ್ತವೆ.

ಒದ್ದೆ ಮರಳು ಕಪ್ಪಗೆ ಕಾಣುವುದು ನೀರಿನ ಪೊರೆಯೊಳಗೆ ಬೆಳಕು ಸಿಕ್ಕಿಬೀಳುವುದರಿಂದ. ಗ್ಲಾಸ್ (ಗಾಜಲ್ಲ, ಹೊಳಪು ಕೊಡುವ) ಮೀಡಿಯಂ ಕೂಡ ಅದನ್ನೇ ಮಾಡುತ್ತದೆ. ಹೊಳಪಿಲ್ಲದ ಮ್ಯಾಟ್ ಜೆಲ್ಲಿನಲ್ಲಿ ಮರಳು ಹಚ್ಚಿ, ಅಲೆ ತಾಗಿದ ಭಾಗಕ್ಕಷ್ಟೇ ಒಂದು ಕೈ ಗ್ಲಾಸ್ ಬಳಿದರೆ ಬೇರೆ ಬಣ್ಣವೇ ಬೇಡ, ದಡ ಒದ್ದೆಯಾಗುತ್ತದೆ.

ಈಗಿರುವ ಚಿತ್ರವನ್ನು ಉಳಿಸುವುದು ಕಷ್ಟ. ಉಪ್ಪು ಒಳಗೇ ಇದೆ. ಮೇಲೆ ವಾರ್ನಿಶ್ ಬಳಿದು ಮುಚ್ಚಿದರೂ ಬೆನ್ನಿನಿಂದ ತೇವ ಹೋಗುತ್ತದೆ. ಮರಳಿನ ಭಾಗ ಕೆರೆದು ಹೊಸದಾಗಿ ಹಚ್ಚುವುದೇ ದಾರಿ.

ನಮ್ಮ ತೋಟದ ಕೆಮ್ಮಣ್ಣು, ಅಡಿಕೆ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಬಳಸಿ ಬಣ್ಣ ಮಾಡಬೇಕೆಂದಿದೆ. ಬಾಳಿಕೆ ಬರುತ್ತದೆಯೇ?
ಓದುಗರು, ತೀರ್ಥಹಳ್ಳಿ ತಾಲ್ಲೂಕು

ಕೆಮ್ಮಣ್ಣು ಬರುತ್ತದೆ, ಕಣ್ಣುಮುಚ್ಚಿ ನಂಬಬಹುದು. ಅದರ ಕೆಂಪು ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಮಾಸುವುದಿಲ್ಲ, ಸುಣ್ಣಕ್ಕೂ ಜಗ್ಗುವುದಿಲ್ಲ. ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರಕ್ಕೆ ಗೋಡೆ ಸಾರಿಸುವುದು ಇದೇ ಕೆಮ್ಮಣ್ಣಿನಿಂದ. ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಎಳೆ ಎಳೆಯಲು ಪುಂಡಿನಾರಿನ ಕುಂಚ. ಆದರೆ ಆ ಗೋಡೆಯನ್ನು ಮತ್ತೆ ಮತ್ತೆ ಸಾರಿಸಿ ಬರೆಯುತ್ತಾರೆ. ಕ್ಯಾನ್ವಾಸ್ ಮೇಲೆ ಹಾಗಾಗುವುದಿಲ್ಲವಾದ್ದರಿಂದ ಅಂಟು ಬೇಕು. (ಚಿತ್ತಾರದ ವಿನ್ಯಾಸವನ್ನೇ ಎತ್ತಿ ಅಮೂರ್ತ ಚಿತ್ರದ ಮೂಲೆಗೆ ಅಂಟಿಸುವ ಚಾಳಿ ಈಚೆಗೆ ಹೆಚ್ಚಿದೆ. ಅದು ಚಿತ್ತಾರಕ್ಕೂ ಒಳ್ಳೆಯದಲ್ಲ, ಚಿತ್ರಕ್ಕೂ.)

ಒಂದು ಕಿಲೋ ಮಣ್ಣನ್ನು ಐದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಚೆನ್ನಾಗಿ ಕಲಕಿ, ಅರ್ಧ ನಿಮಿಷ ಬಿಟ್ಟು, ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಬಕೆಟಿಗೆ ಬಗ್ಗಿಸಿ. ತಳದಲ್ಲಿ ಉಳಿದ ಮರಳು, ಬೇರು, ಕಸ ಬೇಡ. ಬಗ್ಗಿಸಿದ ನೀರು ಒಂದು ದಿನ ತಂಗಿದರೆ ನುಣ್ಣನೆಯ ಕೆಸರು ಕೂರುತ್ತದೆ. ತಿಳಿನೀರು ಚೆಲ್ಲಿ, ಕೆಸರನ್ನು ಹಳೆಯ ಪಂಚೆಯಲ್ಲಿ ಸೋಸಿ, ಅಡಿಕೆ ಒಣಗಿಸುವ ಕಾಲದ ಬಿಸಿಲಿನಲ್ಲಿ ಒಣಗಿಸಿ, ಕಲ್ಲಿನಲ್ಲಿ ಅರೆಯಿರಿ. ಬಳಸುವಾಗ ಪುಡಿಯನ್ನು ಮೊದಲು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಆಮೇಲೆ ಅಷ್ಟೇ ಅಳತೆಯ ಮ್ಯಾಟ್ ಮೀಡಿಯಂ ಸೇರಿಸಿ. ಒಣ ಪುಡಿಯನ್ನು ನೇರವಾಗಿ ಮೀಡಿಯಂಗೆ ಸುರಿದರೆ ಗಂಟಾಗುತ್ತದೆ. ಒಣಗಿದ ಮೇಲೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆ ಕೆಂಪಾದರೆ ಮೀಡಿಯಂ ಸಾಲದು, ಕಾಲು ಪಾಲು ಹೆಚ್ಚಿಸಿ. ಪುಡಿ ಅರೆಯುವಾಗ, ಜರಡಿ ಹಿಡಿಯುವಾಗ ಮಾಸ್ಕ್ ಕಟ್ಟಿಕೊಳ್ಳಿ.

ಚೊಗರಿನ ಮಾತು ಬೇರೆ. ಅದರಲ್ಲಿರುವುದು ಟ್ಯಾನಿನ್, ಬೆಳಕು ಬಿದ್ದಂತೆ ಬಣ್ಣ ಬದಲಾಗುತ್ತದೆ. ಒಂದು ಪಟ್ಟಿ ಬಳಿದು ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಕಿಟಕಿಯಲ್ಲಿ ಎರಡು ತಿಂಗಳಿಟ್ಟರೆ ನಿಮ್ಮ ಚೊಗರಿನ ಗುಣ ನಿಮಗೇ ತಿಳಿಯುತ್ತದೆ. ಆ ಬದಲಾವಣೆ ಒಪ್ಪಿಗೆಯಾದರೆ ಬಳಸಿ. ಅಕ್ರಿಲಿಕ್ ಮೀಡಿಯಂಗೆ ಚೊಗರನ್ನು ನೇರವಾಗಿ ಬೆರೆಸಬೇಡಿ. ಮೀಡಿಯಂ ತುಸು ಕ್ಷಾರ, ಚೊಗರು ಆಮ್ಲ, ಹಾಲು ಒಡೆದ ಹಾಗೆ ಗರಣೆಗಟ್ಟಬಹುದು. 300 ಜಿಎಸ್‌ಎಂ ಹತ್ತಿ ಕಾಗದದ ಮೇಲೆ ನೀರು ಬೆರೆಸಿದ ಚೊಗರನ್ನು ಬಳಿದು ಒಣಗಿಸಿ. 100 ಮಿ.ಲೀ. ನೀರಿಗೆ 1 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ಕರಗಿಸಿ ಅದರ ಮೇಲೆ ಕುಂಚ ಆಡಿಸಿದರೆ ಕಣ್ಣೆದುರೇ ಕೆಂಪು ಹೋಗಿ ಹಸಿರುಗಪ್ಪು ಬರುತ್ತದೆ. ಮಳೆಗಾಲದ ಕಡಲಿಗೆ ಇದಕ್ಕಿಂತ ಒಪ್ಪುವ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ. ಅನ್ನಭೇದಿ ಹೆಚ್ಚಾದರೆ ಕೆಲವು ವರ್ಷಗಳಲ್ಲಿ ಕಾಗದವನ್ನೇ ತಿನ್ನುತ್ತದೆ, ಹಾಗಾಗಿ ಬಣ್ಣ ಬಂದ ಮೇಲೆ ಶುದ್ಧ ನೀರು ಹಾಯಿಸಿ ತೊಳೆಯಿರಿ. ಈ ಕಾಗದವನ್ನು ಹರಿದು ಕೊಲಾಜಿಗೆ ಬಳಸುವಾಗ ಎರಡೂ ಬದಿಗೆ, ಬಡಗಿಗಳು ಫ್ರೆಂಚ್ ಪಾಲಿಶ್‌ಗೆ ಬಳಸುವ ಅರಗು-ಸ್ಪಿರಿಟ್ ದ್ರಾವಣವನ್ನು ತೆಳುವಾಗಿ ಬಳಿಯಿರಿ. ಇಲ್ಲದಿದ್ದರೆ ಮೇಲೆ ಹಚ್ಚಿದ ಬಿಳಿ ಅಕ್ರಿಲಿಕ್ ಒಳಗಿನಿಂದ ಚೊಗರು ಹಳದಿಯಾಗಿ ಹಣಕುತ್ತದೆ. ಬಾಟಲಿಯಲ್ಲಿಟ್ಟ ಚೊಗರಿಗೆ ಬೂಷ್ಟು ಹಿಡಿಯದಂತೆ ನಾಲ್ಕೈದು ಹನಿ ಲವಂಗದ ಎಣ್ಣೆ ಹಾಕಿ.

ಅಡಿಕೆ ಹಾಳೆಯ ತುಂಡು ಅಂಟಿಸಬಹುದೇ? ಹುಳ ಹಿಡಿಯುವುದಿಲ್ಲವೇ?
ಓದುಗರು, ಕೊಪ್ಪ

ಹಿಡಿಯುತ್ತದೆ. ಲೀಟರ್ ಬಿಸಿನೀರಿಗೆ 50 ಗ್ರಾಂ ಬಿಳಿಗಾರ (ಬೋರಾಕ್ಸ್) ಕರಗಿಸಿ, ಹಾಳೆಯನ್ನು ಒಂದು ದಿನ ಮುಳುಗಿಸಿ, ಭಾರ ಹೇರಿ ಚಪ್ಪಟೆಯಾಗಿ ಒಣಗಿಸಿ. ಇಲ್ಲೊಂದು ಎಚ್ಚರ: ಬಿಳಿಗಾರ ಕುಡಿದ ಹಾಳೆಗೆ ಫೆವಿಕಾಲ್ ಥರದ ಬಿಳಿ ಗೋಂದು ಹಚ್ಚಿದರೆ ಗೋಂದು ತಕ್ಷಣ ರಬ್ಬರಿನಂತೆ ಗಟ್ಟಿಯಾಗಿ ಅಂಟುವುದೇ ಇಲ್ಲ. ಮಕ್ಕಳು ಸ್ಲೈಮ್ ಮಾಡುವುದು ಇದೇ ಗುಣದಿಂದ. ಹೆವಿ ಜೆಲ್ ಬಳಸಿ, ಹಾಳೆಯ ಎರಡೂ ಬದಿಗೆ, ಅಂಚಿಗೆ ಕೂಡ. ಮೈದಾ ಅಂಟು ಬೇಡವೇ ಬೇಡ, ಅದು ಬೂಷ್ಟಿಗೆ, ಬೆಳ್ಳಿಮೀನಿಗೆ ಊಟ ಹಾಕಿದಂತೆ. ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ ಚಿಟಿಕೆ ಬೆರೆಸಿದರೆ ಹುಳ ಬರದು ನಿಜ, ಆದರೆ ಹಸಿರು ಕಲೆ ಬಿಡುತ್ತದೆ, ವಿಷವೂ ಹೌದು.

ನೀಲಿ ಎಷ್ಟು ಕೊಳ್ಳಬೇಕು? ನನ್ನ ಕಡಲು ಯಾವಾಗಲೂ ಕೆಸರಾಗುತ್ತದೆ ಅಥವಾ ಪ್ಲಾಸ್ಟಿಕ್ ಬಕೆಟಿನ ನೀಲಿ ಆಗುತ್ತದೆ.
ಓದುಗರು, ಭದ್ರಾವತಿ

ಎರಡು ಸಾಕು. ಥ್ಯಾಲೊ ನೀಲಿ ಮತ್ತು ಅಲ್ಟ್ರಾಮರೀನ್. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಮೊದಲಿನದಕ್ಕೆ ಪಿಬಿ 15, ಎರಡನೆಯದಕ್ಕೆ ಪಿಬಿ 29 ಎಂದಿರುತ್ತದೆ. ಹೆಸರಿಗಿಂತ ಆ ಸಂಖ್ಯೆ ನೋಡಿ ಕೊಳ್ಳಿ. 'ಸೀ ಬ್ಲೂ', 'ಓಷನ್' ಎಂಬ ಟ್ಯೂಬುಗಳು ಸಾಮಾನ್ಯವಾಗಿ ಇವೇ ನೀಲಿಗೆ ಬಿಳಿಯನ್ನೋ ಹಸಿರನ್ನೋ ಬೆರೆಸಿದವು. ಬಿಳಿ ಸೇರಿಸಿಟ್ಟ ಬಣ್ಣದಿಂದ ಆಳ ಬರುವುದಿಲ್ಲ. ಜೊತೆಗೆ ಥ್ಯಾಲೊ ಹಸಿರು ಒಂದು, ಟೈಟೇನಿಯಂ ಬಿಳಿ ದೊಡ್ಡದೊಂದು, ಬರ್ನ್ಟ್ ಸಿಯೆನ್ನಾ, ಯೆಲ್ಲೊ ಓಕರ್. ಹೊಕುಸಾಯ್ ಅವರ ದೊಡ್ಡ ಅಲೆಯಲ್ಲಿ ಇರುವ ಪ್ರಷ್ಯನ್ ನೀಲಿಯನ್ನು ಕೆಲವರು ಹುಡುಕುತ್ತಾರೆ. ಅದು ಕ್ಷಾರಕ್ಕೆ ಕೆಡುವ ಬಣ್ಣ, ಆದ್ದರಿಂದ ಅಕ್ರಿಲಿಕ್‌ನಲ್ಲಿ ಆ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ಬೇರೆ ನೀಲಿಗಳ ಬೆರಕೆ.

ಬಕೆಟ್ ನೀಲಿ ಬರುವುದು ಥ್ಯಾಲೊ ಮತ್ತು ಬಿಳಿ ಎರಡನ್ನೇ ಬೆರೆಸಿದಾಗ. ಥ್ಯಾಲೊ ಬಲು ಜೋರು. ಬಟಾಣಿಯಷ್ಟು ಹಾಕಿದರೆ ಎರಡು ಚಮಚ ಬಿಳಿಯನ್ನೂ ನೀಲಿ ಮಾಡಿಬಿಡುತ್ತದೆ. ಬಿಳಿಗೆ ನೀಲಿಯನ್ನು ಸೂಜಿಮೊನೆಯಷ್ಟು ಸೇರಿಸುತ್ತಾ ಹೋಗಿ, ಜೊತೆಗೆ ಅಷ್ಟೇ ಸಿಯೆನ್ನಾ ಬೀಳಲಿ. ಬಣ್ಣದ ಅಬ್ಬರ ತಟ್ಟನೆ ತಗ್ಗುತ್ತದೆ. ಮೇಲೆ ಹೇಳಿದ ಕೆಮ್ಮಣ್ಣೂ ಇದೇ ಕೆಲಸ ಮಾಡುತ್ತದೆ.

ಕೆಸರಾಗುವುದು ಹಸಿಯ ಮೇಲೆ ಹಸಿ ಉಜ್ಜುವುದರಿಂದ. ಮಲೆನಾಡಿನಲ್ಲಿ ಒಣಗಿತೆಂದುಕೊಂಡ ಪದರ ಮೇಲ್ಪೊರೆ ಮಾತ್ರ ಒಣಗಿರುತ್ತದೆ. ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ, ತಣ್ಣಗಿದ್ದರೆ ಒಳಗೆ ನೀರಿದೆ. ಪೂರ್ತಿ ಒಣಗಿದ ಮೇಲೆ ಒಂದು ಪಾಲು ಬಣ್ಣಕ್ಕೆ ಎಂಟು ಪಾಲು ಗ್ಲೇಜಿಂಗ್ ಮೀಡಿಯಂ ಬೆರೆಸಿ ತೆಳು ಪದರ ಹಾಕಿ. ನೀಲಿಯ ಮೇಲೆ ಹಸಿರಿನ ಪದರ, ಅದರ ಮೇಲೆ ಮತ್ತೆ ನೀಲಿ. ಪ್ಯಾಲೆಟ್ಟಿನಲ್ಲಿ ಬೆರೆಸಿದ್ದಕ್ಕಿಂತ ಹೀಗೆ ಪದರದಲ್ಲಿ ಬೆರೆತದ್ದು ಆಳವಾಗಿ ಕಾಣುತ್ತದೆ. ಮೀಡಿಯಂ ಬದಲು ಬರೀ ನೀರು ಸುರಿದರೆ ಅಂಟು ಸಾಲದೆ ಬಣ್ಣ ಪುಡಿಯಾಗಿ ಏಳಬಹುದು. ಅಕ್ರಿಲಿಕ್ ಒಣಗಿದಾಗ ಒಂದು ಛಾಯೆ ಕಪ್ಪಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮಳೆಗಾಲ ಮುಗಿಯುವಷ್ಟರಲ್ಲಿ ಕ್ಯಾನ್ವಾಸ್ ಬೆನ್ನಿಗೆ ಬೂಷ್ಟು, ಎದುರಿಗೆ ಜೋಲು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟರೆ ಆದೀತೇ?
ಓದುಗರು, ಆಗುಂಬೆ ಸಮೀಪ

ಬೆಚ್ಚಗಿರುತ್ತದೆ, ಆದರೆ ಮಸಿ ಕೂರುತ್ತದೆ. ಅಕ್ರಿಲಿಕ್ ಪೊರೆ ಬಿಸಿಗೆ ಮೆತ್ತಗಾಗುವ ಜಾತಿಯದು, ಮೆತ್ತಗಾದಾಗ ಕೂತ ಮಸಿ ಹೊರಬರುವುದಿಲ್ಲ. ಬೇಡ.

ಹತ್ತಿ ಬಟ್ಟೆ ತೇವಕ್ಕೆ ಹಿಗ್ಗಿ ಕುಗ್ಗುತ್ತಲೇ ಇರುತ್ತದೆ. ಆಗುಂಬೆಯ ಮಳೆಯಲ್ಲಿ ಮರಳು, ಪೇಸ್ಟ್, ಹಾಳೆಯಂಥ ಭಾರ ಹೊತ್ತ ಚಿತ್ರಕ್ಕೆ ಕ್ಯಾನ್ವಾಸ್ ಆಯ್ಕೆಯೇ ಅಲ್ಲ. 12 ಮಿ.ಮೀ. ಬಿಡಬ್ಲ್ಯೂಪಿ ದರ್ಜೆಯ (ಕುದಿನೀರಿಗೂ ಬಿಟ್ಟುಕೊಳ್ಳದ) ಪ್ಲೈವುಡ್ ಬಳಸಿ. ಎರಡು ಅಡಿಗಿಂತ ದೊಡ್ಡದಾದರೆ ಬೆನ್ನಿಗೆ ಒಂದೂವರೆ ಇಂಚಿನ ರೀಪಿನ ಚೌಕಟ್ಟು ಹೊಡೆಸಿ. ಹಿಂದು, ಮುಂದು, ನಾಲ್ಕೂ ಅಂಚು, ಎಲ್ಲಕ್ಕೂ ಎರಡು ಕೈ ಅಕ್ರಿಲಿಕ್ ಪ್ರೈಮರ್. ಮುಂದೆ ಮಾತ್ರ ಬಳಿದರೆ ಹಿಂದಿನಿಂದ ತೇವ ಕುಡಿದು ಹಲಗೆ ಬಾಗುತ್ತದೆ. ಇರುವ ಕ್ಯಾನ್ವಾಸ್‌ಗೆ ಮೂಲೆಯ ಬೆಣೆಗಳನ್ನು ಮೆಲ್ಲಗೆ ತಟ್ಟಿ ಬಿಗಿ ಮಾಡಬಹುದು. ಅದನ್ನು ಮಾಡುವುದು ಜನವರಿಯಲ್ಲಿ, ಮಳೆಯಲ್ಲಲ್ಲ. ಜೋತಾಗ ಬಿಗಿದರೆ ಒಣಗಿದಾಗ ಅತಿ ಬಿಗಿಯಾಗಿ ಪೇಸ್ಟ್ ಬಿರಿಯುತ್ತದೆ.

ನೈಋತ್ಯದ ಮಳೆ ಹೊಡೆಯುವ ಹೊರಗೋಡೆಗೆ, ಅದರಲ್ಲೂ ಜಂಬಿಟ್ಟಿಗೆಯ ಗೋಡೆಗೆ ಚಿತ್ರ ತೂಗಬೇಡಿ. ಒಳಗೋಡೆಗೂ ನಾಲ್ಕು ಮೂಲೆಯಲ್ಲಿ ಅರ್ಧ ಇಂಚಿನ ಬಿರಡೆ ತುಂಡು ಅಂಟಿಸಿ ಗಾಳಿಯಾಡಲು ಜಾಗ ಬಿಡಿ. ಬೀರುವಿನಲ್ಲಿಡುವುದಾದರೆ ನಿಲ್ಲಿಸಿಯೇ ಇಡಿ, ಪ್ಲಾಸ್ಟಿಕ್ ಸುತ್ತಬೇಡಿ. ಬೂಷ್ಟು ಬಂದಿದ್ದರೆ ಬಿಸಿಲಿನ ದಿನ ಹೊರಗೆ ತಂದು, ಮಾಸ್ಕ್ ಕಟ್ಟಿ, ಒಣ ಮೆತ್ತನೆ ಕುಂಚದಿಂದ ಉಜ್ಜಿ. ಬೆನ್ನನ್ನು ಮಾತ್ರ ಶೇ. 70ರ ಐಸೊಪ್ರೊಪೈಲ್ ಆಲ್ಕೋಹಾಲ್ ಸೋಕಿಸಿದ ಬಟ್ಟೆಯಿಂದ ಒರೆಸಿ. ಎದುರಿಗೆ ಆಲ್ಕೋಹಾಲ್ ತಾಗಿದರೆ ಅಕ್ರಿಲಿಕ್ ಬಣ್ಣವೇ ಎದ್ದುಬರುತ್ತದೆ. ಹೀಗೆ ಒರೆಸಿದ್ದನ್ನು ಮೂರು ದಿನ ಗಾಳಿಗಿಡಿ.

ವಾರ್ನಿಶ್ ಕೆಲಸವನ್ನು ಡಿಸೆಂಬರಿನಿಂದ ಮಾರ್ಚಿಯೊಳಗೆ ಇಟ್ಟುಕೊಳ್ಳಿ. ಮಳೆಯಲ್ಲಿ ಬಳಿದರೆ ಹಾಲು ಚೆಲ್ಲಿದಂತೆ ಬೆಳ್ಳಗೆ ಮಸುಕಾಗಿ ಉಳಿಯುತ್ತದೆ.

ಟೆಕ್ಸ್‌ಚರ್ ಪೇಸ್ಟ್ ದುಬಾರಿ. ವಾಲ್ ಪುಟ್ಟಿ ಬಳಸಿದೆ, ಬಿರುಕು ಬಿಟ್ಟಿತು.
ಓದುಗರು, ಶಿಕಾರಿಪುರ

ಪುಟ್ಟಿ ಗೋಡೆಯಂಥ ಅಲುಗದ ಜಾಗಕ್ಕೆ ಮಾಡಿದ್ದು. ಅದರೊಳಗಿನ ಬಿಳಿ ಸಿಮೆಂಟಿಗೆ ಬಾಗುವ ಗುಣವಿಲ್ಲ. ಮನೆಯಲ್ಲೇ ಮಾಡಿಕೊಳ್ಳಿ: ಒಂದು ಬಟ್ಟಲು ನುಣ್ಣನೆ ಚಾಕ್ ಪುಡಿ, ಅರ್ಧ ಬಟ್ಟಲು ಅಕ್ರಿಲಿಕ್ ಮೀಡಿಯಂ, ಕಾಲು ಬಟ್ಟಲು ಬಿಳಿ ಅಕ್ರಿಲಿಕ್ ಬಣ್ಣ. ನೀರು ಹಾಕಬೇಡಿ. ಬಿರುಕು ಬರುವುದೇ ನೀರು ಆರಿ ಪೇಸ್ಟ್ ಕುಗ್ಗಿದಾಗ. ಒಂದು ಸಲಕ್ಕೆ 3 ಮಿ.ಮೀ. ಮೀರಬಾರದು, ಎತ್ತರ ಬೇಕಿದ್ದರೆ ಎರಡನೇ ಸಲ. ಬೇಗ ಒಣಗಲೆಂದು ಫ್ಯಾನ್ ಕೆಳಗಿಟ್ಟರೆ ಮೇಲ್ಪೊರೆ ಮೊದಲು ಒಣಗಿ ಖಂಡಿತ ಬಿರಿಯುತ್ತದೆ. ಬಿರುಕೇ ಬೇಕಾದವರು ಬೇಕೆಂದೇ ಹೀಗೆ ಮಾಡುತ್ತಾರೆ. ಬೇಸಿಗೆಯ ಕೆರೆಯ ತಳಕ್ಕೆ ಚೆನ್ನಾಗಿ ಒಪ್ಪುತ್ತದೆ.

ರೆಸಿನ್ ಸುರಿದು ಅಲೆ ಮಾಡುವುದು ಕಲಿತೆ. ಆಗಸ್ಟಿನಲ್ಲಿ ಮಾಡಿದ್ದು ಅಂಟಂಟಾಗಿ, ಮಸುಕಾಗಿ ಉಳಿದಿದೆ.
ಓದುಗರು, ಶಿವಮೊಗ್ಗ

ಆಗಸ್ಟ್ ಎಂಬುದೇ ಅರ್ಧ ಉತ್ತರ. ಈ ರೆಸಿನ್ ಎಪಾಕ್ಸಿ ಜಾತಿಯದು; ಅದನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡನರ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಮೇಲ್ಮೈಯಲ್ಲಿ ಜಿಡ್ಡಿನ ಮಸುಕು ಪೊರೆ ಕಟ್ಟುತ್ತದೆ. ತೇವಾಂಶ ಶೇ. 60ರ ಆಸುಪಾಸು, ಕೋಣೆಯ ಬಿಸಿ 24 ಡಿಗ್ರಿಯ ಆಸುಪಾಸು ಇರುವ ದಿನ ಆರಿಸಿಕೊಳ್ಳಿ. ಅಗ್ಗದ ತೇವಮಾಪಕವೊಂದು ಗೋಡೆಗಿರಲಿ. ಇನ್ನರ್ಧ ಉತ್ತರ ಅಳತೆಯಲ್ಲಿರಬಹುದು. ಡಬ್ಬಿಯ ಮೇಲಿನ 2:1 ಪರಿಮಾಣದ್ದೋ ತೂಕದ್ದೋ ಓದಿ ನೋಡಿ. ರೆಸಿನ್ ಹಾರ್ಡನರಿಗಿಂತ ಭಾರ, ಆದ್ದರಿಂದ ಪರಿಮಾಣದ ಲೆಕ್ಕವನ್ನು ತಕ್ಕಡಿಯಲ್ಲಿ ತೂಗಿದರೆ ಅನುಪಾತ ತಪ್ಪುತ್ತದೆ. ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆಂಬುದು ಸುಳ್ಳು, ಹೆಚ್ಚಾದದ್ದು ಹಾಗೇ ಅಂಟಾಗಿ ಉಳಿಯುತ್ತದೆ. ಮೂರು ನಿಮಿಷ ನಿಧಾನ ಕಲಕಿ, ಲೋಟದ ಗೋಡೆ, ತಳ ಕೆರೆದು, ಇನ್ನೊಂದು ಲೋಟಕ್ಕೆ ಸುರಿದು ಮತ್ತೆ ಒಂದು ನಿಮಿಷ ಕಲಕಿ.

ಒಂದು ಅಡಿ ಚದರದ ಹಲಗೆಗೆ 1 ಮಿ.ಮೀ. ದಪ್ಪಕ್ಕೆ ಸುಮಾರು 93 ಮಿ.ಲೀ. ಬೇಕು, 3 ಮಿ.ಮೀ.ಗೆ 280. ಹಲಗೆ ಮಟ್ಟವಾಗಿರಲಿ. ನೊರೆಗೆ ಬಿಳಿ ಪೇಸ್ಟ್ ಬೆರೆಸಿದ ರೆಸಿನ್ನಿನ ಗೆರೆ ಹಾಕಿ, ಹೀಟ್ ಗನ್ನನ್ನು ಓರೆಯಾಗಿ ಹಿಡಿದು ಪಾರದರ್ಶಕ ಭಾಗದ ಕಡೆಗೆ ಊದಿ. ಬಿಳಿ ಹೆಚ್ಚು ಬೆರೆಸಿದರೆ ಜಾಲರಿ ಬರದೆ ಒಂದೇ ಪಟ್ಟಿಯಾಗುತ್ತದೆ. ನೈಟ್ರೈಲ್ ಕೈಗವಸು ಹಾಕದೆ ಮುಟ್ಟಬೇಡಿ; ಚರ್ಮದ ಅಲರ್ಜಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಕಿಟಕಿ ತೆರೆದಿರಲಿ. ನಿಮ್ಮ ಹಲಗೆಯ ಜಿಡ್ಡನ್ನು ಬೆಚ್ಚಗಿನ ಸೋಪುನೀರಿನಿಂದ ತೊಳೆದು ಒಣಗಿಸಿ ನೋಡಿ. ಕೆಳಗೆ ಗಟ್ಟಿಯಿದ್ದರೆ 220ರ ನೀರುಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಮರಳುಕಾಗದ) ಉಜ್ಜಿ ಜನವರಿಯಲ್ಲಿ ಮತ್ತೊಂದು ಪದರ ಸುರಿಯಬಹುದು. ಒಳಗೂ ಮೆತ್ತಗಿದ್ದರೆ ಕೆರೆದು ತೆಗೆಯಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, ರೆಸಿನ್ ಅಲೆಗಳು ಎಲ್ಲರ ಕೈಯಲ್ಲೂ ಒಂದೇ ಥರ ಬರುತ್ತವೆ. ಟ್ರೇ, ಗಡಿಯಾರಕ್ಕೆ ಚಂದ. ಚಿತ್ರದಲ್ಲಿ ಬೇಕಿದ್ದರೆ ಒಂದು ಸಣ್ಣ ಜಾಗಕ್ಕೆ, ಮರಳಿನ ಒರಟಿನ ಪಕ್ಕದಲ್ಲಿ ನಿಂತ ನೀರಾಗಿ ಬಳಸಿ.

ದಡದಲ್ಲಿ ಸಿಕ್ಕ ಚಿಪ್ಪು, ಬೀಸಣಿಗೆಯಂಥ ಹವಳದ ಗಿಡ ಅಂಟಿಸಬಹುದೇ?
ಓದುಗರು, ಸೊರಬ

ಸತ್ತ ಸಾಮಾನ್ಯ ಚಿಪ್ಪುಗಳನ್ನು ಬಳಸಬಹುದು, ಮರಳಿನ ಹಾಗೇ ಉಪ್ಪು ತೊಳೆದು. ಬೀಸಣಿಗೆ ಹವಳವನ್ನೂ ಬೇರೆ ಹವಳಗಳನ್ನೂ ಮುಟ್ಟಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿ ಅವು ಇವೆ. ಬಲೆಯಲ್ಲಿ ಸಿಕ್ಕಿ ದಡಕ್ಕೆ ಬಿದ್ದದ್ದೆಂಬ ಸಮಜಾಯಿಷಿ ನಡೆಯುವುದಿಲ್ಲ. ಅಂಥ ಜಾಲರಿ ಬೇಕಿದ್ದರೆ ಕೊಳೆತ ಅರಳಿ ಎಲೆಯ ನರ, ಹೀರೆಯ ನಾರು ಇವೆ.

ಇದೆಲ್ಲ ಅಂಟಿಸುವ ಕೆಲಸವನ್ನು ಚಿತ್ರಕಲೆ ಎನ್ನುತ್ತಾರೆಯೇ?
ಓದುಗರು, ಶಿವಮೊಗ್ಗ

ಪಿಕಾಸೊ 1912ರಲ್ಲಿ ಕ್ಯಾನ್ವಾಸಿಗೆ ಕುರ್ಚಿಯ ಹೆಣಿಗೆ ಅಚ್ಚಾದ ಎಣ್ಣೆಬಟ್ಟೆ ಅಂಟಿಸಿ, ಸುತ್ತ ಹಗ್ಗ ಕಟ್ಟಿದರು. ಅದೇ ಕಾಲಕ್ಕೆ ಬ್ರಾಕ್ ಬಣ್ಣಕ್ಕೆ ಮರಳು ಬೆರೆಸಿದರು. ನೂರು ವರ್ಷ ದಾಟಿದ ಪ್ರಶ್ನೆ ಇದು, ಮುಂದಕ್ಕೆ ಹೋಗೋಣ.

ಬೆಂಗಳೂರಿನ ಚಿತ್ರಸಂತೆಗೆ ಒಯ್ಯಬೇಕು. ಹಿಂದೆ ಬಸ್ಸಿನಲ್ಲಿ ಒಯ್ದಾಗ ಬಬಲ್ ರ‍್ಯಾಪಿನ ಗುಳ್ಳೆಗಳ ಗುರುತು ಚಿತ್ರದ ಮೇಲೆಲ್ಲ ಅಚ್ಚಾಗಿತ್ತು.
ಓದುಗರು, ರಿಪ್ಪನ್‌ಪೇಟೆ

ಅಕ್ರಿಲಿಕ್ ಎಷ್ಟು ವರ್ಷವಾದರೂ ತುಸು ಅಂಟುಗುಣ ಉಳಿಸಿಕೊಂಡಿರುತ್ತದೆ. ಬಸ್ಸಿನ ಡಿಕ್ಕಿಯ ಕಾವಿಗೆ ಮೆತ್ತಗಾಗಿ ಪ್ಲಾಸ್ಟಿಕ್‌ಗೆ ಅಂಟುತ್ತದೆ. ಗ್ಲಾಸ್ ಮೀಡಿಯಂ ಬಳಿದ ಜಾಗ ಮೊದಲು. ಚಿತ್ರದ ಮೇಲೆ ನೇರವಾಗಿ ಕೇಕ್ ಮಾಡುವವರು ಬಳಸುವ ಸಿಲಿಕೋನ್ ಲೇಪದ ಬೇಕಿಂಗ್ ಕಾಗದ ಹಾಸಿ. ಅದರ ಮೇಲೆ ತೆಳು ಫೋಮ್, ಆಮೇಲೆ ಬಬಲ್ ರ‍್ಯಾಪ್, ಅದೂ ಗುಳ್ಳೆ ಹೊರಮುಖವಾಗಿ. ಮರಳು, ಹಾಳೆ ಉಬ್ಬಿರುವ ಚಿತ್ರಕ್ಕೆ ಏನೂ ತಾಗಬಾರದು: ಹಲಗೆಯ ನಾಲ್ಕು ಮೂಲೆಗೆ ಉಬ್ಬಿಗಿಂತ ಅರ್ಧ ಇಂಚು ಎತ್ತರದ ಥರ್ಮೊಕೋಲ್ ತುಂಡು ಕೂರಿಸಿ, ಮೇಲೆ ರಟ್ಟು ಮುಚ್ಚಿ ಕಟ್ಟಿ. ಎರಡು ಚಿತ್ರಗಳನ್ನು ಎದುರುಬದುರು ಇಡುವುದು, ಮಿಶ್ರ ಮಾಧ್ಯಮದ ಕ್ಯಾನ್ವಾಸ್ ಸುರುಳಿ ಸುತ್ತುವುದು ಎರಡೂ ಬೇಡ. ಪೇಸ್ಟ್ ಬಿರಿಯುತ್ತದೆ.

ಚಿತ್ರಸಂತೆ ಸಾಮಾನ್ಯವಾಗಿ ಜನವರಿ ಮೊದಲ ವಾರಗಳಲ್ಲಿ, ಕುಮಾರಕೃಪಾ ರಸ್ತೆಯಲ್ಲಿ, ಬಿಸಿಲಿಗೆ ತೆರೆದ ಬೀದಿಯಲ್ಲಿ ನಡೆಯುತ್ತದೆ. ಅರ್ಜಿಯ ಪ್ರಕಟಣೆಯನ್ನು ಚಿತ್ರಕಲಾ ಪರಿಷತ್ತಿನಿಂದ ಕೆಲವು ತಿಂಗಳ ಮುಂಚೆಯೇ ವಿಚಾರಿಸಿ. ಸಂತೆ ಜನವರಿಯಲ್ಲಾದ್ದರಿಂದ ಒಯ್ಯುವ ಚಿತ್ರಗಳ ಕೊನೆಯ ಪದರ ನವೆಂಬರ್ ಮಧ್ಯದೊಳಗೆ ಬಿದ್ದಿರಬೇಕು, ವಾರ್ನಿಶ್ ಡಿಸೆಂಬರ್ ಮೊದಲ ವಾರದಲ್ಲಿ. ಪ್ರತಿ ಚಿತ್ರದ ಬೆನ್ನಿಗೆ ಬಳಸಿದ ಸಾಮಗ್ರಿಗಳ ಪಟ್ಟಿ, ವರ್ಷ, 'ಒದ್ದೆ ಬಟ್ಟೆಯಿಂದ ಒರೆಸಬಾರದು' ಎಂಬ ಸೂಚನೆ ಬರೆದಿಡಿ. ಮರಳಿನ ಚಿತ್ರ ಕೊಂಡವರು ಮನೆಯಲ್ಲಿ ಮೊದಲು ಮಾಡುವ ಕೆಲಸವೇ ಅದನ್ನು ಒರೆಸುವುದು.